ಹೊಟ್ಟೆ ಗಿಡ

ನಮ್ಮ ಕಡೆ ಹೆಂಗಸರಿಗೆ ಹೂವೆಂದರೆ ಎರಡೇ ಲೆಕ್ಕ. ಒಂದು ಮುಡಿಗೆ, ಇನ್ನೊಂದು ದೇವರಿಗೆ. ಮಲ್ಲಿಗೆ, ಕಾಕಡ, ಕನಕಾಂಬರ ಮುಡಿಯ ಲೆಕ್ಕಕ್ಕೆ. ಕಣಗಿಲೆ, ನಂದಿಬಟ್ಟಲು, ದಾಸವಾಳ ದೇವರ ಲೆಕ್ಕಕ್ಕೆ. ಸೇವಂತಿಗೆ ಎರಡೂ ಕಡೆ ಸಲ್ಲುವ ಜಾಣೆ. ಈ ಎರಡರಲ್ಲೂ ಸೇರದ ಹೂವನ್ನು ಕಂಡರೆ ‘ಓ, ಅದಾ? ಅದು ಬರೀ ಶೋಗೆ’ ಎಂದುಬಿಡುತ್ತೇವೆ. ಆ ‘ಬರೀ’ಯಲ್ಲಿ ಒಂದು ಸಣ್ಣ ತಾತ್ಸಾರ ಇರುತ್ತದೆ, ಗಮನಿಸಿದ್ದೀರಾ? 2006ರಿಂದ ನಮ್ಮ ಮನೆಯ ತಾರಸಿಯ ಮೇಲೆ ಕೂತಿರುವ ಗಿಡ ಈ ಬರೀ ಶೋ ಜಾತಿಗೆ ಸೇರಿದ್ದು.

ಅಡೇನಿಯಂ ಎಂದು ಅದರ ಹೆಸರು. ನರ್ಸರಿಯವರು ‘ಡೆಸರ್ಟ್ ರೋಸ್’ ಎಂದು ಮಾರುತ್ತಾರೆ. ಗುಲಾಬಿಗೂ ಅದಕ್ಕೂ ದೂರದ ನೆಂಟಸ್ತನವೂ ಇಲ್ಲ. ನೋಡಿಲ್ಲದವರಿಗೆ ಹೇಳುವುದಾದರೆ, ಮಣ್ಣಿನ ಮೇಲೆ ಪುಟ್ಟದೊಂದು ಗಡಿಗೆ ಕೂರಿಸಿ, ಅದರ ಬಾಯಿಂದ ನಾಲ್ಕಾರು ಬೂದು ಬಣ್ಣದ ಕೊಂಬೆ ಹೊರಡಿಸಿ, ಕೊಂಬೆಯ ತುದಿಗೆ ಮಾತ್ರ ಒಂದಿಷ್ಟು ದಪ್ಪ ಹಸಿರೆಲೆ ಅಂಟಿಸಿದರೆ ಹೇಗೋ ಹಾಗೆ. ಹೂವು ಐದು ಎಸಳಿನದು. ಅಂಚು ಗಾಢ ಗುಲಾಬಿ, ಒಳಗೆ ಹೋದಂತೆ ಬಿಳಿ. ವಾಸನೆ ಇಲ್ಲ. ಗಡಿಗೆಯಂಥ ಆ ಬುಡದಲ್ಲಿ ಅದು ಬೇಸಿಗೆಗೆಂದು ನೀರು ಕೂಡಿಟ್ಟುಕೊಳ್ಳುತ್ತದೆ. ನಮ್ಮ ಬೀದಿಯ ಮಕ್ಕಳು ಇಟ್ಟಿರುವ ಹೆಸರೇ ಸರಿಯಾದದ್ದು: ಹೊಟ್ಟೆ ಗಿಡ.

ಆ ವರ್ಷದ ಜನವರಿಯಲ್ಲಿ ನಮ್ಮವರು ಕಚೇರಿ ಕೆಲಸಕ್ಕೆಂದು ಬೆಂಗಳೂರಿಗೆ ಹೋದವರು ಲಾಲ್‌ಬಾಗಿನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ನೋಡಿಕೊಂಡು ಬಂದರು. ಚಿತ್ರದುರ್ಗದವರೆಗೆ 200 ಕಿಲೋಮೀಟರು ಬಸ್ಸಿನಲ್ಲಿ ತೊಡೆಯ ಮೇಲೆ ಒಂದು ಚೀಲ ಇಟ್ಟುಕೊಂಡು ಕೂತಿದ್ದರಂತೆ. ಅಷ್ಟು ಜೋಪಾನವೆಂದರೆ ಸೀರೆಯೇ ಇರಬೇಕೆಂದು ನಾನು ಕೈ ಒರೆಸಿಕೊಂಡು ಬಂದೆ. ಚೀಲದಿಂದ ಹೊರಬಂದದ್ದು ಗೇಣುದ್ದದ ಬೋಳು ಕಡ್ಡಿ, ಅದರ ಬುಡದಲ್ಲಿ ನಿಂಬೆಹಣ್ಣಿನಷ್ಟು ಗಂಟು.

‘ಇದರ ಪೂರ್ತಿ ಹೆಸರು ಅಡೇನಿಯಂ ಒಬೆಸಮ್ ಅಂತೆ ಕಣೆ. ಒಬೆಸಮ್ ಅಂದ್ರೆ ದಪ್ಪ ಇರೋದು ಅಂತ. ನಿನ್ನ ನೆನಪಾಯ್ತು, ತಗೊಂಡೆ’ ಎಂದರು. ಮದುವೆಯಾಗಿ ಇಪ್ಪತ್ತೈದು ವರ್ಷವಾದ ಗಂಡಸರಿಗೆ ಮಾತ್ರ ಬರುವ ಧೈರ್ಯ ಅದು.

ಅತ್ತೆ ಒಳಗಿನಿಂದ ಬಂದು ನೋಡಿ ಮೂಗಿನ ಮೇಲೆ ಬೆರಳಿಟ್ಟರು. ‘ಕಳ್ಳಿ ಬೇಕಿದ್ರೆ ಹೊಲದ ಬೇಲಿ ತುಂಬಾ ಇತ್ತಲ್ಲೋ. ದುಡ್ಡು ಕೊಟ್ಟು ಬೆಂಗಳೂರಿಂದ ತರಬೇಕಿತ್ತಾ?’ ಆಮೇಲೆ ಒಂದು ಎಲೆ ಚಿವುಟಿದರು. ತುದಿಯಲ್ಲಿ ಬಿಳಿ ಹನಿ ನಿಂತಿತು. ಅಲ್ಲಿಗೆ ತೀರ್ಪಾಯಿತು. ‘ಹಾಲು ಬರೋ ಗಿಡ. ಬಾಗಿಲ ಮುಂದೆ ಇಡಕೂಡದು.’ ಗಿಡ ತಾರಸಿ ಹತ್ತಿದ್ದು ಹೀಗೆ. ಅದಕ್ಕೆ ಒಳ್ಳೆಯದೇ ಆಯಿತು. ಇಡೀ ಮನೆಯಲ್ಲಿ ದಿನವಿಡೀ ಬಿಸಿಲು ಬೀಳುವ ಜಾಗ ಅದೊಂದೇ.

ನನ್ನ ತವರು ತೀರ್ಥಹಳ್ಳಿ ಕಡೆ. ಅಲ್ಲಿ ಬಟ್ಟೆ ಒಣಗಿಸುವ ಗೂಟ ನೆಟ್ಟರೂ ಚಿಗುರುತ್ತದೆ. ಡೇಲಿಯಾ, ಜರ್ಬೆರಾ, ಆರ್ಕಿಡ್ಡು ಎಂದು ಅಂಗಳ ತುಂಬ ಬೆಳೆಸಿಕೊಂಡು ಬೆಳೆದವಳು ನಾನು. 1981ರಲ್ಲಿ ಮದುವೆಯಾಗಿ ಈ ಕಲ್ಲಿನ ಕೋಟೆಯ ಊರಿಗೆ ಬಂದಾಗ ಸೀರೆಗಳ ನಡುವೆ ಡೇಲಿಯಾ ಗೆಡ್ಡೆ ಸುತ್ತಿ ತಂದಿದ್ದೆ. ದುರ್ಗದ ಏಪ್ರಿಲ್ ಬಿಸಿಲಿಗೆ ಅವು ಬೆಂದ ಆಲೂಗೆಡ್ಡೆಯಂತಾದವು. ಮನೆಗೆ ಎರಡು ದಿನಕ್ಕೊಮ್ಮೆ ನಲ್ಲಿ ನೀರು ಬರುವಾಗ ಗಿಡಕ್ಕೆ ಬಿಂದಿಗೆಗಟ್ಟಲೆ ಸುರಿಯುವುದು ನ್ಯಾಯವೂ ಅಲ್ಲ. ಹಾಗಾಗಿ ಇಪ್ಪತ್ತೈದು ವರ್ಷ ತುಳಸಿ, ಕಣಗಿಲೆ, ಕಾಂಪೌಂಡಿನ ಮೂಲೆಯ ಒಂದು ನಂದಿಬಟ್ಟಲು, ಇಷ್ಟರಲ್ಲೇ ಇದ್ದೆ. ಬಿಸಿಲು ಬೇಕು, ನೀರು ಬೇಡ ಎನ್ನುವ ಗಿಡವೊಂದು ಮನೆಗೆ ಬಂದದ್ದು ಆಗಲೇ.

ಅತ್ತೆ ಅದನ್ನು ಕಳ್ಳಿ ಎಂದರೂ ಅದು ಕಳ್ಳಿಯಲ್ಲ. ಕುಲಗೋತ್ರ ವಿಚಾರಿಸಿದರೆ ನಗು ಬರುತ್ತದೆ. ಅತ್ತೆಯ ಪೂಜೆಯ ತಟ್ಟೆಯಲ್ಲಿ ದಿನಾ ಬೆಳಿಗ್ಗೆ ಕೂರುವ ಕಣಗಿಲೆ, ನಂದಿಬಟ್ಟಲು, ದೇವಕಣಗಿಲೆ, ನಿತ್ಯಪುಷ್ಪ ಎಲ್ಲವೂ ಇದರ ದಾಯಾದಿಗಳೇ. ಹಾಲು ಎಲ್ಲದರಲ್ಲೂ ಉಂಟು. ಕಣಗಿಲೆಯಲ್ಲಿರುವಂಥ, ಹೃದಯದ ಬಡಿತವನ್ನೇ ಕೆಡಿಸುವ ವಿಷ ಇದರಲ್ಲೂ ಇದೆ. ಆಫ್ರಿಕದ ಕೆಲವು ಕಡೆ ಬೇಟೆಗಾರರು ಇದರ ರಸವನ್ನು ಬಾಣದ ಮೊನೆಗೆ ಹಚ್ಚುತ್ತಿದ್ದರು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಆಡು ಕುರಿ ಇದ್ದರೆ ಕೈಗೆ ಬಾಯಿಗೆ ಎಟುಕದ ಕಡೆ ಇಡಿ. ಕೊಂಬೆ ಕತ್ತರಿಸಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಕಣಗಿಲೆ ಗಿಡವನ್ನು ಮನೆ ಮುಂದೆ ಇಟ್ಟುಕೊಂಡ ನಮಗೆ ಇಷ್ಟು ಎಚ್ಚರ ಹೊಸದೇನೂ ಅಲ್ಲ.

ಇದರ ತವರು ಅರಬಸ್ಥಾನದ ದಕ್ಷಿಣದ ಅಂಚು ಮತ್ತು ಆಫ್ರಿಕ. ಏಡನ್ ಬಂದರಿನ ಕಡೆಯದೆಂದು ಅಡೇನಿಯಂ. ಅಲ್ಲಿಗೆ ಹತ್ತಿರದ ಸೊಕೊತ್ರಾ ದ್ವೀಪದಲ್ಲಿ ಇದೇ ಗಿಡ ಬರೀ ಬಂಡೆಯ ಮೇಲೆ ಆಳೆತ್ತರ ಮೀರಿ ಬೆಳೆದು, ಆನೆಮರಿ ಕೂತಂತೆ ಕೂತಿರುವ ಚಿತ್ರವನ್ನು ನಾನು ನೋಡಿದ್ದೇನೆ. ಹಿಂದಿರುವುದು ನಮ್ಮ ಕೋಟೆಯ ಬಂಡೆಗಳೇ ಏನೋ ಎಂದು ಎರಡು ಸಲ ನೋಡಿದೆ. ಈ ಗಿಡದ ಬಗ್ಗೆ ಯೂರೋಪಿನವರಿಗೆ ಮೊದಲು ಬರೆದು ತಿಳಿಸಿದವನು ಪೀಟರ್ ಫೋರ್ಸ್‌ಕೋಲ್ ಎಂಬ ಹುಡುಗ. ಹುಡುಗ ಎನ್ನದೆ ಇನ್ನೇನು? ಸ್ವೀಡನ್ನಿನ ದೊಡ್ಡ ಸಸ್ಯಪಂಡಿತ ಲಿನೇಯಸ್‌ನ ಶಿಷ್ಯ. 1761ರಲ್ಲಿ ಡೆನ್ಮಾರ್ಕಿನ ದೊರೆ ಅರಬಸ್ಥಾನಕ್ಕೆ ಕಳಿಸಿದ ಆರು ಜನರಲ್ಲಿ ಒಬ್ಬ. 1763ರಲ್ಲಿ ಯೆಮನ್ನಿನಲ್ಲಿ ಮಲೇರಿಯಾ ಬಂದು ಸತ್ತ. ಆಗ ಅವನಿಗೆ 31 ವರ್ಷ. ಆರು ಜನರಲ್ಲಿ ಊರು ಸೇರಿದವನು ನೀಬೂರ್ ಎಂಬವನೊಬ್ಬನೇ. ಅವನು ಗೆಳೆಯನ ಟಿಪ್ಪಣಿಗಳನ್ನೆಲ್ಲ ಜೋಪಾನ ಮಾಡಿ 1775ರಲ್ಲಿ ಅಚ್ಚು ಹಾಕಿಸಿದ. ಆ ಪುಸ್ತಕದಲ್ಲಿ ಈ ಗಿಡಕ್ಕೆ ಹೆಸರು ‘ದಪ್ಪ ಕಣಗಿಲೆ’ ಎಂಬ ಅರ್ಥದ್ದು. ಹೋದವನ ಚೀಲವನ್ನು ಹೊತ್ತು ತರುವವನೊಬ್ಬ ಉಳಿಯದಿದ್ದರೆ ಅದೂ ಇಲ್ಲ.

ಇನ್ನು ಬೆಳವಣಿಗೆಯ ವಿಷಯ. ಬೇಗ ಬೇಸರವಾಗುವವರು ಈ ಗಿಡ ತರಬಾರದು. ನಮ್ಮದು ಬಂದಾಗ ನಿಂಬೆಹಣ್ಣು ಎಂದೆನಲ್ಲ, ಐದು ವರ್ಷಕ್ಕೆ ಮೋಸಂಬಿ. ಈಗ ಸುಲಿದ ತೆಂಗಿನಕಾಯಿ ಎರಡು ಜೋಡಿಸಿದಷ್ಟು. ಅಷ್ಟರಲ್ಲಿ ಎದುರುಮನೆಯ ನುಗ್ಗೆ ಮೂರು ಸಲ ಕಡಿಸಿಕೊಂಡು ಮೂರು ಸಲ ಬೆಳೆಯಿತು. ಒಂದೆರಡು ವರ್ಷಕ್ಕೊಮ್ಮೆ ಶಿವರಾತ್ರಿ ಕಳೆದ ಮೇಲೆ ಕುಂಡ ಬದಲಿಸಬೇಕು. ಆಗ ಬುಡವನ್ನು ಮಣ್ಣಿನಿಂದ ಒಂದು ಅಂಗುಲ ಮೇಲಕ್ಕೆ ಎತ್ತಿ ಕೂರಿಸುತ್ತೇವೆ. ಒಳಗೆ ಅಡಗಿದ್ದ ದಪ್ಪ ಬೇರು ಆಗ ಹೊರಗೆ ಬಂದು, ಬಿಸಿಲು ಕಂಡು ತೊಗಟೆ ಕಟ್ಟಿ, ಹೊಟ್ಟೆಗೆ ಹೊಟ್ಟೆ ಸೇರುತ್ತದೆ. ಕುಂಡ ಆಳವಾಗಿರುವುದಕ್ಕಿಂತ ಅಗಲವಾಗಿರಲಿ. ತಳದಲ್ಲಿ ತೂತು ಧಾರಾಳವಾಗಿರಲಿ. ಮಣ್ಣಿನ ಅರ್ಧ ಭಾಗ ದಪ್ಪ ಮರಳು ಮತ್ತು ಇಟ್ಟಿಗೆ ಚೂರು, ಉಳಿದದ್ದು ಕೆಮ್ಮಣ್ಣು ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಕುಂಡ ಬದಲಿಸಿದ ಮೇಲೆ ಒಂದು ವಾರ ನೀರು ಹಾಕಬೇಡಿ, ಬೇರಿನ ಗಾಯ ಆರಲಿ.

ನೀರಿನ ಲೆಕ್ಕ ಪುಸ್ತಕದಲ್ಲಿ ಓದಿ ಬರುವುದಲ್ಲ, ಬೆರಳಿಗೆ ಬರಬೇಕು. ಹೊಟ್ಟೆಯನ್ನು ಒತ್ತಿ ನೋಡಿ. ಗಟ್ಟಿಯಿದ್ದರೆ ಅದರ ಪಾಡಿಗೆ ಬಿಡಿ. ಮೆತ್ತಗಿದ್ದು ಮಣ್ಣು ಒಣಗಿದ್ದರೆ ಬಾಯಾರಿದೆ. ಮೆತ್ತಗಿದ್ದು ಮಣ್ಣು ಒದ್ದೆಯಾಗಿದ್ದರೆ ಮಾತ್ರ ತಡ ಮಾಡಬೇಡಿ, ಒಳಗೆ ಕೊಳೆಯುತ್ತಿದೆ. ಚಳಿಗಾಲಕ್ಕೆ ಎಲೆಯೆಲ್ಲ ಉದುರಿ ಬೋಳಾಗುತ್ತದೆ. ಹೊಸಬರು ಗಾಬರಿಯಾಗಿ ಚೊಂಬು ಚೊಂಬು ನೀರು ಹೊಯ್ಯುವುದು ಆಗಲೇ. ಬೇಡ. ಅದು ಮಲಗಿದೆ.

ಬೀಜದ ಸಂಭ್ರಮ ಬೇರೆಯೇ. ಯಾವ ಹುಳು ಯಾವ ಹೂವಿನಿಂದ ಬಂದು ಹೋಯಿತೋ, 2010ರಲ್ಲಿ ನಮ್ಮ ಗಿಡ ಕಾಯಿ ಕಟ್ಟಿತು. ಎರಡು ಕಾಯಿ ಒಂದಕ್ಕೊಂದು ಬೆನ್ನು ಮಾಡಿಕೊಂಡು, ಥೇಟ್ ಎಮ್ಮೆಯ ಕೊಂಬಿನ ಹಾಗೆ. ಬಲಿತು ಬಿರಿಯುವ ಮೊದಲೇ ಸುತ್ತ ದಾರ ಕಟ್ಟಿಡಬೇಕು. ಇಲ್ಲದಿದ್ದರೆ ಒಳಗಿನ ಬೀಜ ಊರೆಲ್ಲ ಹಾರುತ್ತದೆ. ಜೀರಿಗೆಗಿಂತ ಸ್ವಲ್ಪ ದಪ್ಪ ಬೀಜ, ಎರಡೂ ತುದಿಗೆ ರೇಷ್ಮೆಯ ಕುಚ್ಚು. ಕುಚ್ಚು ಕಟ್ಟಿದ ಸೆರಗು ಎಂದರು ನಮ್ಮವರು. ಸೀರೆಯ ಬಾಕಿ ಅವರಿಗೂ ನೆನಪಿತ್ತು ಎಂದಾಯಿತು. ಹೊಸ ಬೀಜ ಬಿತ್ತಿದರೆ ವಾರ ಹತ್ತು ದಿನದೊಳಗೆ ಮೊಳೆಯುತ್ತದೆ. ಕಡಲೆಕಾಳಿನಷ್ಟು ಸಸಿ, ಆಗಲೇ ಅದಕ್ಕೊಂದು ಹೊಟ್ಟೆ! ಕೊಂಬೆ ನೆಟ್ಟರೂ ಗಿಡವಾಗುತ್ತದೆ, ಆದರೆ ಬೀಜದಿಂದ ಬಂದದ್ದಕ್ಕಿರುವ ಗಡಿಗೆಯಂಥ ಬುಡ ಅದಕ್ಕೆ ಬರುವುದಿಲ್ಲ. ಹೂವಿಗೆ ಇನ್ನೆರಡು ವರ್ಷ ಕಾಯಬೇಕು.

ಅತ್ತೆಯ ವಿಷಯ ಹೇಳದೆ ಮುಂದೆ ಹೋಗಲಾರೆ. ಅವರು ಗಂಡನನ್ನು ಕಳೆದುಕೊಂಡಾಗ ಅವರಿಗೆ 39. ನಾನು ಮದುವೆಯಾಗಿ ಬಂದಾಗಿನಿಂದ ನೋಡಿದ್ದೇನೆ, ದಿನಾ ಸಂಜೆ ನಡುಮನೆಯಲ್ಲಿ ಕಾಲು ಚಾಚಿ ಕೂತು ಮಲ್ಲಿಗೆ ಕಟ್ಟುವುದು ಅವರ ಕೆಲಸ. ಬಾಳೆನಾರು ನೆನೆಸಿ, ಎರಡು ಈ ಕಡೆ ಎರಡು ಆ ಕಡೆ, ಮೊಗ್ಗು ನಲುಗದ ಹಾಗೆ. ನನಗೊಂದು ಮೊಳ, ನಾದಿನಿಗೊಂದು, ಬಂದು ಹೋಗುವ ಮುತ್ತೈದೆಯರಿಗೆ ಒಂದಿಷ್ಟು. ಕಟ್ಟಿ ಮುಗಿದ ಮೇಲೆ ಬಾಳೆಲೆಯಲ್ಲಿ ಸುತ್ತಿಟ್ಟು ಏಳುವ ಮೊದಲು ಬೆರಳುಗಳನ್ನು ಒಮ್ಮೆ ಮೂಗಿನ ಹತ್ತಿರ ಒಯ್ಯುತ್ತಿದ್ದರು. ಯಾರೂ ನೋಡುತ್ತಿಲ್ಲ ಎಂದುಕೊಂಡಾಗ ಮಾತ್ರ.

ಗಿಡವನ್ನು ಅವರು ಬೈಯುತ್ತಲೇ ಹಚ್ಚಿಕೊಂಡರು. 2011ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನೋಡಿದರೆ ಎಲೆಯೆಲ್ಲ ನಾಪತ್ತೆ. ಕೊಂಬೆಗೆ ಅಂಟಿಕೊಂಡು ಬೆರಳು ಗಾತ್ರದ ಹಸಿರು ಹುಳು. ತಲೆಯ ಹಿಂದೆ ಎರಡು ನೀಲಿ ಕಣ್ಣು ಬರೆದ ಹಾಗೆ, ಬಾಲದಲ್ಲೊಂದು ಕೊಂಬು. ಕಣಗಿಲೆಯನ್ನು ತಿಂದು ಬದುಕುವ ದೊಡ್ಡ ಪತಂಗದ ಮರಿ ಅದು. ವಿಷ ಅದಕ್ಕೆ ನಾಟುವುದಿಲ್ಲ. ನಾನು ಕಡ್ಡಿ ಹುಡುಕುವಷ್ಟರಲ್ಲಿ ಅತ್ತೆ ತಡೆದರು. ‘ಸಾಯಿಸಬೇಡ. ಕೆಳಗೆ ನಂದಿಬಟ್ಟಲ ಮೇಲೆ ಬಿಡು. ಅದನ್ನೂ ತಿಂತಾವೆ, ನಾನು ನೋಡಿದೀನಿ.’ ಹಾಗೇ ಮಾಡಿದೆವು. ನಂದಿಬಟ್ಟಲು ದೊಡ್ಡ ಮರ, ನಾಲ್ಕು ಹುಳುವಿಗೆ ಊಟ ಹಾಕಿ ಬಡವಾಗಲಿಲ್ಲ.

2013ರ ಜನವರಿ, ಸಂಕ್ರಾಂತಿ ಕಳೆದು ಐದನೇ ದಿನ ನಮ್ಮವರು ಹೋದರು. ನಿವೃತ್ತಿಗೆ ಎರಡು ತಿಂಗಳಿತ್ತು. ರಾತ್ರಿ ಎದೆ ಹಿಡಿದುಕೊಂಡರು, ಆಸ್ಪತ್ರೆಯ ಬಾಗಿಲವರೆಗೆ ಮಾತಾಡುತ್ತಿದ್ದರು. ಅದರ ಬಗ್ಗೆ ಇಷ್ಟು ಸಾಕು.

ಹದಿಮೂರು ದಿನದ ಒಳಗೆ ಮನೆಗೆ ಬಂದವರ ಮಾತು ಹೇಗಿರುತ್ತದೆ ನಿಮಗೆ ಗೊತ್ತು. ಹತ್ತಿರದ ನೆಂಟರೊಬ್ಬರು ತಾರಸಿಗೆ ಬಟ್ಟೆ ಒಣಗಿಸಲು ಹೋಗಿ ಬಂದವರು ಎಲ್ಲರ ಎದುರಿಗೇ ಕೇಳಿದರು: ‘ಅಲ್ಲಾ, ಹಾಲಿನ ಗಿಡ ಮನೇಲಿ ಇಟ್ಕೋಬಾರದು ಅಂತ ತಿಳಿದವರು ಹೇಳ್ತಾರೆ. ಅದರಲ್ಲೂ ಇದು ಎದೆಗೆ ವಿಷ ಅಂತಲ್ಲ. ಮೊದಲು ಅದನ್ನ ಆಚೆ ಹಾಕಿಸಿ.’ ಹೇಳಿದ್ದು ಗಿಡದ ಬಗ್ಗೆ, ನೋಡಿದ್ದು ನನ್ನ ಕಡೆ. ನನಗೆ ಬಾಯಿ ಬರಲಿಲ್ಲ. ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ಅತ್ತೆ, ಮಗನನ್ನು ಕಳೆದುಕೊಂಡ ಎಂಬತ್ತೈದರ ಮುದುಕಿ, ಕಣ್ಣು ಮುಚ್ಚಿಕೊಂಡೇ ಕೇಳಿದರು.

‘ನನ್ನ ಗಂಡ ಹೋದಾಗ ಈ ಮನೇಲಿ ಯಾವ ಗಿಡ ಇತ್ತು ಗೊತ್ತಾ?’

ಯಾರೂ ಮಾತಾಡಲಿಲ್ಲ.

‘ತುಳಸಿ ಇತ್ತು.’

ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ. ಗಿಡ ಉಳಿಯಿತು. ಒಂದೂವರೆ ತಿಂಗಳು ತಾರಸಿಯ ಕಡೆ ಯಾರೂ ತಲೆ ಹಾಕಲಿಲ್ಲ, ಒಂದು ಹನಿ ನೀರು ಬೀಳಲಿಲ್ಲ. ಮಾರ್ಚಿಯಲ್ಲಿ ಹಪ್ಪಳ ಒಣಗಿಸಲೆಂದು ಮೇಲೆ ಹತ್ತಿದೆ. ಹೊಟ್ಟೆ ಸೊರಗಿ ನೆರಿಗೆ ಬಿದ್ದಿತ್ತು. ಒಂದೂ ಎಲೆಯಿಲ್ಲದ ಬೋಳು ಕೊಂಬೆಗಳ ತುದಿಯಲ್ಲಿ ಹದಿನೇಳು ಹೂ. ಎಣಿಸಿದೆ. ಎಲೆ ಇಲ್ಲದಾಗಲೇ ಹೂ ಬಿಡುವುದು ಈ ಗಿಡದ ಪದ್ಧತಿ, ಅದರಲ್ಲಿ ಪವಾಡವೇನೂ ಇಲ್ಲ. ಆದರೂ ಹಪ್ಪಳದ ಹಿಟ್ಟು ಕೆಳಗೆ ಕಾಯುತ್ತಿದೆ ಎನ್ನುವುದು ಮರೆತು ಬಹಳ ಹೊತ್ತು ಅಲ್ಲೇ ಕೂತಿದ್ದೆ.

ಹಣೆಯ ಬೊಟ್ಟನ್ನು ಮಗಳು ಹಟ ಹಿಡಿದು ಉಳಿಸಿದ್ದಳು. ಹೂವಿನ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತದೆಯೇ ತೀರ್ಮಾನವಾಗುವ ವಿಷಯಗಳು ಇರುತ್ತವಲ್ಲ, ಅಂಥದ್ದು. ನನಗೆ ಅದು ನಾಟಿದ್ದು ಹೂವಿನಾಕೆಯಿಂದ. ಮೂವತ್ತು ವರ್ಷ ದಿನಾ ಸಂಜೆ ಐದಕ್ಕೆ ಗೇಟಿನ ಹತ್ತಿರ ಬುಟ್ಟಿ ಇಳಿಸಿ ‘ಹೂವಾ’ ಎಂದು ಕೂಗುತ್ತಿದ್ದವಳು, ಈಗ ನಮ್ಮ ಗೇಟು ಬಂದಾಗ ಕೂಗು ನಿಲ್ಲಿಸಿ, ಪಕ್ಕದ ಮನೆ ದಾಟಿದ ಮೇಲೆ ಮತ್ತೆ ಶುರುಮಾಡುತ್ತಿದ್ದಳು. ನನ್ನ ಮನಸ್ಸು ನೋಯಬಾರದೆಂದೇ ಹಾಗೆ ಮಾಡಿದ್ದು, ಪಾಪ. ಆ ನಡುವಿನ ಮೌನ ಅಡುಗೆಮನೆಯವರೆಗೆ ಕೇಳಿಸುತ್ತಿತ್ತು.

ಅತ್ತೆಗೆ ಕಟ್ಟಲು ಮಲ್ಲಿಗೆ ಇಲ್ಲದಾಯಿತು. ಸಂಜೆ ಆ ಹೊತ್ತಿಗೆ ಏನು ಮಾಡುವುದೆಂದು ತಿಳಿಯದೆ ನಡುಮನೆಯಲ್ಲಿ ಅತ್ತಿತ್ತ ಓಡಾಡುತ್ತಿದ್ದರು. ಒಂದು ದಿನ ಗೋಡೆ ಹಿಡಿದುಕೊಂಡು ಹದಿನೆಂಟು ಮೆಟ್ಟಿಲು ಹತ್ತಿ ತಾರಸಿಗೆ ಬಂದುಬಿಟ್ಟರು. ನಾನು ಹಳೆಯ ಸ್ಟೂಲು ತಂದಿಟ್ಟೆ. ಗಿಡದ ಎದುರು ಕೂತು ಸುಮಾರು ಹೊತ್ತು ನೋಡಿದರು. ಒಂದು ಹೂವನ್ನು ಬಗ್ಗಿಸಿ ಮೂಸಿದರು.

‘ಇದಕ್ಕೆ ವಾಸನೇನೂ ಇಲ್ಲ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಒಳ್ಳೇದೇ ಆಯ್ತು ಬಿಡು.’

ಆಮೇಲೆ ಅದೇ ರೂಢಿಯಾಯಿತು. ಬಿಸಿಲು ಇಳಿದ ಮೇಲೆ ನಾವಿಬ್ಬರೂ ಮೇಲೆ. ಅವರು ಸ್ಟೂಲಿನ ಮೇಲೆ, ನಾನು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ. ದೂರದಲ್ಲಿ ಕೋಟೆಯ ಬಂಡೆಗಳು ಕೆಂಪಗಾಗುತ್ತಿದ್ದವು. ಬೀಜದ ಸಸಿಗಳು ಅಷ್ಟರಲ್ಲಿ ಹನ್ನೊಂದಾಗಿದ್ದವು. ಅವಕ್ಕೆ ಅತ್ತೆ ಮೊಮ್ಮಕ್ಕಳ, ಮರಿಮಕ್ಕಳ ಹೆಸರಿಟ್ಟಿದ್ದರು. ಯಾವುದರ ಹೊಟ್ಟೆ ದೊಡ್ಡದೋ ಅದಕ್ಕೆ ಅವರ ಮುದ್ದಿನ ಮೊಮ್ಮಗನ ಹೆಸರು. ‘ಈ ವಯಸ್ಸಲ್ಲಿ ಹೂವಿನ ಗಿಡ ಯಾರಿಗೆ?’ ಎಂದು ಯಾರಾದರೂ ಕೇಳಿದರೆ ‘ನೋಡೋಕೆ. ಕಣ್ಣಿನ ಆಪರೇಷನ್ ಆಗಿದೆ ನಂಗೆ, ಚೆನ್ನಾಗಿ ಕಾಣ್ತದೆ’ ಎನ್ನುತ್ತಿದ್ದರು. 2019ರಲ್ಲಿ, 91 ತುಂಬಿದ ಮೇಲೆ ತೀರಿಕೊಂಡರು. ಕಡೆಯ ಎರಡು ವರ್ಷ ಮೆಟ್ಟಿಲು ಹತ್ತಲಾಗಲಿಲ್ಲ. ಹೂವಾದಾಗ ನಾನೇ ಸಣ್ಣದೊಂದು ಕುಂಡವನ್ನು ಕೆಳಗೆ ತಂದು, ಬಾಗಿಲ ಮುಂದೆ ಇಡುತ್ತಿದ್ದೆ. ಬಾಗಿಲ ಮುಂದೆ! ಅವರೇ ‘ಅಲ್ಲೇ ಇಡು, ಕಾಣ್ತದೆ’ ಎಂದಿದ್ದರು.

ನನ್ನ ಗಿಡಗಳಿಗೆ ನಿಜವಾದ ಕಷ್ಟ ಬಂದದ್ದು 2022ರಲ್ಲಿ. ದುರ್ಗದ ಜನ ಮಳೆಯನ್ನು ಬೈದದ್ದು ನಾನು ಕೇಳಿಲ್ಲ, ಆ ವರ್ಷವೂ ಬೈಯಲಿಲ್ಲ. 1933ರ ನಂತರ ಮೊದಲ ಸಲ ಮಾರಿಕಣಿವೆ ತುಂಬಿ ಕೋಡಿ ಬಿತ್ತು. 89 ವರ್ಷ! ಊರಿಗೆ ಊರೇ ಬಸ್ಸು, ಟ್ರ್ಯಾಕ್ಟರು ಹಿಡಿದು ನೋಡಲು ಹೋಯಿತು. ನಾನು ತಾರಸಿಯ ಮೇಲೆ ಕುಂಡ ಎಳೆಯುತ್ತಿದ್ದೆ. ಇಡೀ ಜಿಲ್ಲೆ ನೀರು ಕಂಡು ಕುಣಿಯುವಾಗ ಮಳೆ ನಿಲ್ಲಲಪ್ಪಾ ಎಂದು ಒಳಗೊಳಗೇ ಬೇಡಿಕೊಂಡ ಪಾಪಿ ನಾನೊಬ್ಬಳೇ ಇರಬೇಕು. ಶೀಟಿನ ಮಾಡಿನ ಕೆಳಗೆ ಎಲ್ಲಕ್ಕೂ ಜಾಗವಿರಲಿಲ್ಲ. ಒಂದು ಬೆಳಿಗ್ಗೆ ಒತ್ತಿ ನೋಡಿದರೆ ಮೊಮ್ಮಗನ ಹೆಸರಿನದರ ಹೊಟ್ಟೆ ಮೆತ್ತಗೆ. ಕಿತ್ತು, ಕಾಯಿಸಿದ ಚಾಕುವಿನಿಂದ ಕೊಳೆತದ್ದನ್ನೆಲ್ಲ ಹೆರೆಯುತ್ತ ಹೋದೆ. ಕಂದು ಬಣ್ಣ ಮುಗಿದು ಬಿಳಿ ತಿರುಳು ಸಿಗುವವರೆಗೆ ಬಿಡಬಾರದು. ಅರ್ಧ ಹೊಟ್ಟೆ ಹೋಯಿತು. ಗಾಯಕ್ಕೆ ಅರಿಶಿನ ಮೆತ್ತಿ, ಹತ್ತು ದಿನ ಮಣ್ಣಿಲ್ಲದೆ ನೆರಳಿನಲ್ಲಿ ಒಣಗಲು ಬಿಟ್ಟು ಮತ್ತೆ ನೆಟ್ಟೆ. ಬದುಕಿತು. ಈಗ ಒಂದು ಕಡೆಗೆ ವಾಲಿಕೊಂಡು, ಸೊಂಟದ ಮೇಲೆ ಕೊಡ ಇಟ್ಟುಕೊಂಡವಳ ಹಾಗೆ ನಿಂತಿದೆ. ನೋಡಿದವರೆಲ್ಲ ಮೊದಲು ಕೇಳುವುದು ಅದನ್ನೇ.

ಇತ್ತೀಚೆಗೆ ನರ್ಸರಿಗಳಲ್ಲಿ ಥಾಯ್ಲೆಂಡ್, ತೈವಾನ್ ಕಡೆಯ ತಳಿಗಳು ಬಂದಿವೆ. ಸುತ್ತುಸುತ್ತಿನ ಎಸಳು, ಹಳದಿ, ಕಪ್ಪುಗೆಂಪು. ಬೀಜದ ಗಿಡದ ತಲೆ ಕತ್ತರಿಸಿ ಅದರ ಮೇಲೆ ಇವನ್ನು ಕಸಿ ಕಟ್ಟುತ್ತಾರೆ. ನರ್ಸರಿಯ ಹುಡುಗನೊಬ್ಬ ಬಂದು ನನ್ನ ಹಳೆಯ ಗಿಡ ನೋಡಿ, ‘ಇಂಥಾ ಬುಡ ಸಿಗಲ್ಲ ಮೇಡಂ. ಆರು ಬಣ್ಣ ಒಂದೇ ಗಿಡದಲ್ಲಿ ಕಟ್ಟಿಕೊಡ್ತೀನಿ’ ಎಂದ. ಕೈಚಳಕದ ಹುಡುಗ, ಅವನ ಕಸಿ ನೋಡಿದ್ದೇನೆ, ಚೆಂದವಾಗಿ ಕೂರುತ್ತದೆ. ಸಣ್ಣವು ಎರಡನ್ನು ಕೊಟ್ಟೆ. ಹಳೆಯದಕ್ಕೆ ಅದರ ಹೂವೇ ಇರಲಿ ಎಂದೆ.

ಹೂವಿನಾಕೆಯ ಮಾತು ಅರ್ಧಕ್ಕೇ ಬಿಟ್ಟೆ. 2013ರ ಶ್ರಾವಣದಲ್ಲಿ ಒಂದು ಸಂಜೆ ನಾನೇ ಗೇಟಿನ ಹತ್ತಿರ ನಿಂತು, ಅವಳು ಕೂಗು ನಿಲ್ಲಿಸುವ ಮೊದಲೇ ಕರೆದೆ. ‘ಯಾಕಮ್ಮ, ನಮ್ಮನೆ ದೇವರಿಗೂ ಹೂ ಬೇಡ್ವಾ?’ ಬುಟ್ಟಿ ಇಳಿಸಿದಳು. ತಲೆ ಎತ್ತಲಿಲ್ಲ. ಒಂದು ಮಾರು ಸೇವಂತಿಗೆ ಅಳೆದು, ಮೇಲೆ ನಾಲ್ಕು ಮೊಗ್ಗು ಕೊಸರು ಹಾಕಿ, ಸೆರಗಿನಿಂದ ಮುಖ ಒರೆಸಿಕೊಂಡು ಹೋದಳು. ಮರುದಿನದಿಂದ ಕೂಗು ನಮ್ಮ ಗೇಟಿನ ಮುಂದೆಯೂ ಕೇಳಿಸಿತು.

ಈಗ ಅವಳಿಗೂ ಮಂಡಿನೋವು. ಸೊಸೆ ಮೊಪೆಡ್ಡಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಬರುತ್ತಾಳೆ. ಹೋದ ವರ್ಷ ಯುಗಾದಿಗೆ ಅವಳು ತಾರಸಿ ಹತ್ತಿ ಎಲ್ಲವನ್ನೂ ನೋಡಿ, ‘ನಮ್ಮತ್ತೆ ದಿನಾ ಹೂವಿನ ಮುಂದೇನೇ ಕೂತಿದ್ದೋರು, ಈಗ ಸುಮ್ನೆ ಗೋಡೆ ನೋಡ್ತಾ ಕೂತ್ಕಂತಾರೆ. ಒಂದು ಸಸಿ ಕೊಡಮ್ಮ’ ಎಂದು ಕೇಳಿದಳು. ಅಂಗೈಯಷ್ಟು ಕುಂಡದಲ್ಲಿ ಒಂದು ವರ್ಷದ ಸಸಿ ಕೊಟ್ಟೆ. ಹಾಲು ಮುಟ್ಟಿದರೆ ಕೈ ತೊಳೆಯಬೇಕು, ಮನೆಯ ಆಡು ಬಾಯಿ ಹಾಕದ ಹಾಗೆ ಎತ್ತರಕ್ಕೆ ಇಡಬೇಕು, ನೀರು ಕಮ್ಮಿ ಎಂದು ಮೂರು ಮೂರು ಸಲ ಹೇಳಿದೆ.

ಚಳಿಗಾಲ ಬಂತು. ಒಂದು ಸಂಜೆ ಮೊಪೆಡ್ಡು ನಿಲ್ಲಿಸಿ, ಹೂ ಅಳೆಯುವ ಮೊದಲೇ ಹೇಳಿದಳು: ‘ಎಲೆ ಎಲ್ಲಾ ಉದುರ್ತಾ ಐತಮ್ಮ. ಅತ್ತೆ ಗಾಬ್ರಿ ಆಗವ್ರೆ. ನೀರು ಹಾಕ್ಲಾ?’

‘ಬೇಡ. ಹೊಟ್ಟೆ ಒತ್ತಿ ನೋಡಿದ್ಯಾ?’

‘ಗಟ್ಟಿ ಐತೆ.’

‘ಹಾಗಾದ್ರೆ ಸುಮ್ನೆ ಬಿಡು. ಚಳಿ ಹೋಗಲಿ.’

‘ಒಂದೇ ಒಂದು ಲೋಟ?’

‘ಬೇಡ ಅಂದ್ನಲ್ಲ.’

ತಲೆಯಾಡಿಸಿ ಮೊಪೆಡ್ಡು ಹತ್ತಿದಳು. ನಂಬಿದ ಹಾಗೆ ಕಾಣಲಿಲ್ಲ.